ಟಯರು ಕಟ್ಟಿದ ಬರೆಯ ಕೆಳಗೆ

ಇಸವಿ ಎರಡು ಸಾವಿರದ ಮೂರು, ನಡು ಮಳೆಗಾಲದ ಆಟಿ ತಿಂಗಳ ಮೊದಲ ಬುಧವಾರ, ಬೆಳಿಗ್ಗೆ ಐದೂಮುಕ್ಕಾಲು ಗಂಟೆ. ಮನೆಯಲ್ಲಿ ಇದ್ದವರು ನಾನು, ನಮ್ಮ ಮನೆಯವರು, ಹೆರಿಗೆಯಾಗಿ ವಾರ ತುಂಬದ ಮಗಳು, ಅವಳ ಮಗು. ಅಳಿಯ ಹಿಂದಿನ ಸಂಜೆ ಬಂದು ಮಗುವಿನ ಮುಖ ನೋಡಿ ಬಂಟ್ವಾಳಕ್ಕೆ ಕೊನೆಯ ಬಸ್ಸು ಹಿಡಿದಿದ್ದ. ಭಾನುವಾರದಿಂದ ಮಳೆ ಬಿಟ್ಟಿರಲಿಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಬೆಳಗಿನ ಕೆಲಸ ಒಂದರ ಹಿಂದೆ ಒಂದು ತಪ್ಪದೆ ನಡೆಯಬೇಕು. ಮೊದಲು ಬಚ್ಚಲಿನ ಒಲೆಗೆ ಬೆಂಕಿ, ಆಮೇಲೆ ಹಂಡೆಗೆ ನೀರು, ಆಮೇಲೆ ಬಾಣಂತಿಯ ಕಷಾಯ, ಆಮೇಲೆ ಮಗುವಿನ ಬಟ್ಟೆ. ಆ ದಿನವೂ ಒಲೆಯ ಮುಂದೆ ಕುಳಿತು ಒಣ ಗರಿಗೆ ಬೆಂಕಿ ತಾಗಿಸಿದೆ. ಬೆಂಕಿ ಹಿಡಿಯಿತು. ಆದರೂ ಏಳಲಿಕ್ಕೆ ಆಗಲಿಲ್ಲ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಗೊತ್ತಾಗಲಿಲ್ಲ. ವಾರ್ಡಿನಲ್ಲಿ ಕೆಲವೊಮ್ಮೆ ಹೀಗಾಗುತ್ತಿತ್ತು: ರೋಗಿ ಮಲಗಿದ ಹಾಗೆಯೇ ಮಲಗಿರುತ್ತಾನೆ, ಹತ್ತಿರ ಹೋಗುವ ಮೊದಲೇ ನಮ್ಮ ಕೈ ತಣ್ಣಗಾಗುತ್ತದೆ. ಕಿವಿಗೊಟ್ಟು ಕೇಳಿದೆ. ಹಂಚಿನ ಮೇಲೆ ಮಳೆಯ ಸದ್ದು ಇತ್ತು. ಅಂಗಳಕ್ಕೆ ನೀರು ಬೀಳುವ ಸದ್ದು ಇತ್ತು. ಬರೆಯ ಪೈಪುಗಳ ಸದ್ದು ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆ ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿದೆ. ಗುಡ್ಡ ಕಡಿದು ಸಮ ಮಾಡಿದ ಜಾಗ. ಹಾಗೆ ಕಡಿದಾಗ ಮನೆಯ ಹಿಂದೆ ನೆಟ್ಟಗೆ ಉಳಿಯುವ ಕೆಂಪು ಮಣ್ಣಿನ ಗೋಡೆಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಬಸ್ಸಿನ ಕಿಟಕಿಯಲ್ಲಿ ಕುಳಿತು ನೋಡಿದರೆ ಬರೆ ಇಲ್ಲದ ಮನೆ ಸಿಗುವುದು ಕಷ್ಟ. ಮಳೆಗಾಲಕ್ಕೆ ಮೊದಲು ತೆಂಗಿನ ಮಡಲು ಹೆಣೆದು ಅದಕ್ಕೆ ಹೊದಿಸುವುದು, ಮಳೆಗಾಲದಲ್ಲಿ ಅದು ಒಂದಿಷ್ಟು ಜರಿಯುವುದು, ದೀಪಾವಳಿ ಕಳೆದ ಮೇಲೆ ಬಿದ್ದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕುವುದು, ಇದು ಎಲ್ಲರ ಮನೆಯ ರೂಢಿ.

ನಮ್ಮವರು ಬಸ್ಸಿನ ಡ್ರೈವರ್ ಆಗಿದ್ದರು. ನಿವೃತ್ತರಾದ ವರ್ಷ, ಅಂದರೆ ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಈ ಮಣ್ಣು ಹೊರುವ ಕೆಲಸಕ್ಕೆ ಒಂದು ಕೊನೆ ಕಾಣಿಸಬೇಕೆಂದು ಹೊರಟರು. ಬಿ.ಸಿ. ರೋಡಿನ ಒಂದು ಗ್ಯಾರೇಜಿನಲ್ಲಿ, ಬಸ್ಸು ಹಿಂದೆ ಬರುವಾಗ ಅಂಗಳದ ಅಂಚು ಕುಸಿಯದಂತೆ ಸವೆದ ಟಯರಿಗೆ ಮಣ್ಣು ತುಂಬಿ ಸಾಲಾಗಿ ಇಟ್ಟಿದ್ದನ್ನು ಅವರು ಎಷ್ಟೋ ವರ್ಷ ನೋಡಿದ್ದರು. ಅದೇ ಹೊತ್ತಿಗೆ, ನಮ್ಮ ಮನೆಯ ಎದುರು ರಸ್ತೆಯ ಆಚೆ ಬದಿಯಲ್ಲಿ ಮನೆಯೊಡನೆಯೇ ಟಯರಿನ ಅಂಗಡಿ ಇಟ್ಟಿದ್ದ ಸಾಯ್ಬರಿಗೆ ಆರೋಗ್ಯ ಇಲಾಖೆಯವರು ಹಳೆಯ ಟಯರಿನ ರಾಶಿ ತೆಗೆಯಬೇಕೆಂದು ಹೇಳಿ ಹೋಗಿದ್ದರು. ಆ ವರ್ಷಗಳಲ್ಲಿ ನಮ್ಮ ಕಡೆ ಮಲೇರಿಯ ಜೋರು. ಟಯರಿನೊಳಗೆ ನಿಂತ ಮಳೆನೀರಿನಲ್ಲಿ ಸೊಳ್ಳೆ ಆಗುತ್ತದೆ.

"ಡ್ರೈವರಣ್ಣ, ಸತ್ತ ಮನುಷ್ಯನಿಗಾದ್ರೂ ಒಂದು ದಫನ ಅಂತ ಉಂಟು," ಎಂದರು ಸಾಯ್ಬರು. "ಸತ್ತ ಟಯರಿಗೆ ಅದೂ ಇಲ್ಲ. ಸುಟ್ರೆ ಊರೇ ಕೆಮ್ತದೆ, ಹೂತ್ರೆ ಮೇಲೆ ಬರ್ತದೆ."

"ನನ್ನ ಬರೆಗೆ ಕೊಡಿ, ನಾನು ಮಾಡ್ತೇನೆ ದಫನ," ಎಂದರು ಇವರು.

ಹಾಗೆ ಶುರುವಾಯಿತು. ಟಯರಿನ ಒಂದು ಮಗ್ಗುಲನ್ನು ಸಾಬೂನಿನ ನೀರು ಹಚ್ಚಿದ ಚೂರಿಯಿಂದ ಕೊಯ್ದು ತೆಗೆಯುವುದು. ಕಲ್ಲು ಕಟ್ಟುವ ಹಾಗೆ ಸಂದು ತಪ್ಪಿಸಿ ಸಾಲಿಡುವುದು. ಒಳಗೆ ಮಣ್ಣು ತುಂಬಿ, ಮರದ ಕೊರಡಿನಿಂದ ಇನ್ನು ಮಣ್ಣು ಹಿಡಿಯುವುದಿಲ್ಲ ಎನ್ನುವವರೆಗೆ ಕುಟ್ಟುವುದು. ಒಂದೊಂದು ಸಾಲನ್ನೂ ಕೆಳಗಿನ ಸಾಲಿಗಿಂತ ಸ್ವಲ್ಪ ಗುಡ್ಡದ ಕಡೆಗೆ ಸರಿಸುವುದು. ಗುಡ್ಡದೊಳಗಿನ ನೀರು ಹೊರಗೆ ಬರಲು ಸಾಲುಗಳ ನಡುವೆ ಅಲ್ಲಲ್ಲಿ ಪೈಪು ಇಟ್ಟು, ಅದರ ಹಿಂದಿನ ಬಾಯಿಗೆ ಮಣ್ಣು ಹೋಗದಂತೆ ಜಲ್ಲಿ ಮತ್ತು ತೆಂಗಿನ ಸಿಪ್ಪೆ. ಮನೆಯ ಮಾಡಿನ ಅಂಚಿನವರೆಗೆ ಗೋಡೆ ಬಂದಾಗ ಇವರ ಬೆನ್ನು ಕೈಕೊಟ್ಟಿತು, ಕೆಲಸ ಅಲ್ಲಿಗೆ ನಿಂತಿತು. ಅದರ ಮೇಲಿನ ಒಂದಾಳು ಎತ್ತರದ ಬರೆ ಬರಿಯ ಮಣ್ಣಾಗಿಯೇ ಉಳಿಯಿತು. ಅಲ್ಲಿ ಲಾವಂಚದ ಬುಡ ನೆಟ್ಟೆವು. ನಾಲ್ಕು ಮಳೆಗಾಲ ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ಬಸ್ಸಿನ ಕಂಡಕ್ಟರುಗಳು ನಮ್ಮ ತಿರುವಿಗೆ "ಟಯರ್" ಎಂದೇ ಹೆಸರಿಟ್ಟರು. "ಟಯರಿನವರು ಯಾರು, ಮುಂದೆ ಬನ್ನಿ," ಎಂದು ಅವರು ಕೂಗಿದರೆ ನಾನು ಚೀಲ ಹಿಡಿದು ಏಳುತ್ತಿದ್ದೆ.

ಮಳೆಗಾಲ ಪೂರ್ತಿ ಆ ಪೈಪುಗಳಿಂದ ಸಣ್ಣದಾಗಿ, ಸ್ವಚ್ಛವಾಗಿ ನೀರು ಬೀಳುತ್ತಿತ್ತು. ಆ ಸದ್ದು ಕೇಳಿಯೇ ನಾವು ನಿದ್ದೆ ಮಾಡುತ್ತಿದ್ದೆವು. ಈಗ ಮೂರು ದಿನದ ಮಳೆ ಗುಡ್ಡದೊಳಗೆ ಇಳಿಯುತ್ತಿದೆ, ಹೊರಗೆ ಒಂದು ತೊಟ್ಟೂ ಬರುತ್ತಿಲ್ಲ.

ಟಾರ್ಚನ್ನೂ ಹಂಡೆಗೆ ನೀರು ತರುವ ಬಕೆಟನ್ನೂ ಹಿಡಿದು ಬಚ್ಚಲಿನ ಹಿಂದಕ್ಕೆ ಹೋದೆ. ಬಚ್ಚಲಿನ ಗೋಡೆಗೂ ಟಯರಿನ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟು ಓಣಿ ಇತ್ತು. ನಾನು ದಿನಾ ಆ ಓಣಿಯಲ್ಲೇ ಬಕೆಟ್ ಹಿಡಿದು ಹೋಗುವವಳು. ಆ ದಿನ ನಡುವೆ ಬಕೆಟ್ ಎರಡು ಕಡೆಗೂ ತಾಗಿತು. ಟಾರ್ಚು ಎತ್ತಿ ನೋಡಿದೆ. ಗೋಡೆ ನಡುಭಾಗದಲ್ಲಿ ಬಸುರಿಯ ಹೊಟ್ಟೆಯ ಹಾಗೆ ಮುಂದೆ ಬಂದಿತ್ತು. ಎಲ್ಲಿಯೂ ಬಿರುಕು ಇಲ್ಲ, ಎಲ್ಲಿಯೂ ಮಣ್ಣು ಉದುರಿರಲಿಲ್ಲ. ಕಲ್ಲಿನ ಗೋಡೆಯಾದರೆ ಬಿರುಕು ಬಿಟ್ಟು ಹೇಳುತ್ತದೆ, ಮರವಾದರೆ ಕರಕರ ಎನ್ನುತ್ತದೆ. ರಬ್ಬರು ಏನನ್ನೂ ಹೇಳುವುದಿಲ್ಲ. ಆ ಗೋಡೆಯ ಈಚೆ ಬಚ್ಚಲು. ಬಚ್ಚಲಿಗೆ ತಾಗಿಯೇ ಹಿಂದಿನ ಕೋಣೆ. ಬೆಚ್ಚಗಿರುತ್ತದೆ, ಸ್ನಾನಕ್ಕೆ ಹತ್ತಿರ ಎಂದು ಆ ಕೋಣೆಯಲ್ಲಿಯೇ ಮಗಳನ್ನೂ ಮಗುವನ್ನೂ ಮಲಗಿಸಿದ್ದೆವು.

ಓಡಬೇಕೆನ್ನಿಸಿತು, ಓಡಲಿಲ್ಲ. ಆಪರೇಶನ್ ಆದ ರೋಗಿಯ ಬ್ಯಾಂಡೇಜಿನಲ್ಲಿ ರಕ್ತ ಕಂಡರೆ ನಾವು ಆ ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆಯುತ್ತಿದ್ದೆವು. ಗೆರೆ ದಾಟಿದರೆ ಡಾಕ್ಟರನ್ನು ಕರೆಯಬೇಕು. ನಾನು ಕಟ್ಟಿಗೆಯ ರಾಶಿಯಿಂದ ಒಂದು ಬಿದಿರಿನ ತುಂಡು ತಂದು, ಟಯರಿಗೂ ಬಚ್ಚಲಿನ ಗೋಡೆಗೂ ನಡುವೆ ಸಡಿಲವಾಗಿ ಕೂರುವಷ್ಟು ಕತ್ತಿಯಿಂದ ಕಡಿದು, ಅಡ್ಡ ಇಟ್ಟೆ. ಬೆರಳಿನಿಂದ ಮುಟ್ಟಿದರೆ ಅದು ಅಲುಗಾಡುತ್ತಿತ್ತು. ಆಮೇಲೆ ಒಳಗೆ ಹೋಗಿ ಇವರನ್ನು ಎಬ್ಬಿಸಿದೆ.

"ಟಯರಲ್ವಾ, ಸ್ವಲ್ಪ ಆಚೀಚೆ ಆಗ್ತದೆ," ಎಂದರು ಇವರು ಕಣ್ಣು ಬಿಡದೆ. "ಬಾಗ್ತದೆ, ಬೀಳುದಿಲ್ಲ. ಅದಕ್ಕೇ ಅಲ್ವಾ ಕಟ್ಟಿದ್ದು."

"ಪೈಪಿನ ನೀರು ನಿಂತಿದೆ."

"ಮಳೆ ನಿಂತಿರ್ಬೇಕು."

"ಕೇಳಿ ನೋಡಿ," ಎಂದೆ.

ಅವರು ಕೇಳಿದರು. ಎದ್ದು ಲುಂಗಿ ಕಟ್ಟಿಕೊಂಡು, ಹಳೆಯ ಸ್ಪ್ಯಾನರ್ ಹಿಡಿದು ಓಣಿಗೆ ನಡೆದರು. ಬಸ್ಸು ಹೊರಡುವ ಮೊದಲು ಡ್ರೈವರುಗಳು ಟಯರಿಗೆ ಬಡಿದು ಗಾಳಿ ನೋಡುತ್ತಾರಲ್ಲ, ಹಾಗೆ ಗೋಡೆಯ ಒಂದು ತುದಿಯಿಂದ ಬಡಿಯುತ್ತ ಬಂದರು. ತುದಿಯ ಟಯರುಗಳು ದಬ್ ದಬ್ ಎಂದು ಗಟ್ಟಿಯಾಗಿ ನುಡಿದವು. ನಡುವಿಗೆ ಬಂದಾಗ ಸದ್ದು ಬದಲಾಯಿತು. ಒದ್ದೆ ಅಕ್ಕಿಯ ಮೂಟೆಗೆ ಬಡಿದ ಹಾಗೆ. ಅವರು ಇನ್ನೊಮ್ಮೆ ಬಡಿಯಲಿಲ್ಲ. ಸ್ಪ್ಯಾನರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೋಡೆಯ ಮೇಲ್ತುದಿಯನ್ನು ನೋಡುತ್ತ ನಿಂತರು.

"ಮೇಲೆ ಅವನ ಗುಂಡಿ," ಎಂದರು.

ಬರೆಯ ಮೇಲಿನ ಗೇರು ಗುಡ್ಡೆ ನನ್ನ ಮೈದುನನದು. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟರು, ಮನೆ ಗುಡ್ಡದ ನೆತ್ತಿಯಲ್ಲಿ. ಅವನ ಬಾವಿ ಪ್ರತಿ ವರ್ಷ ಮಾರ್ಚಿಗೆ ಬತ್ತುತ್ತಿತ್ತು. ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಮಳೆನೀರು ಇಂಗಿಸುವ ಮಾತು. ಶಾಲೆಯಲ್ಲಿ ಭಾಷಣ, ಸೊಸೈಟಿಯಲ್ಲಿ ಭಾಷಣ. ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು ಎಂದು ಅವನೂ ಮಕ್ಕಳಿಗೆ ಹೇಳುತ್ತಿದ್ದ. ಆ ಮಳೆಗಾಲಕ್ಕೆ ಮೊದಲಿನ ಬೇಸಿಗೆಯಲ್ಲಿ ಆಳು ಹಿಡಿದು ಗೇರು ಮರಗಳ ಬುಡದಲ್ಲಿ ಸಾಲಾಗಿ ಇಂಗುಗುಂಡಿ ತೋಡಿಸಿದ್ದ. ಕೆಳಗಿನ ಸಾಲು ನಮ್ಮ ಬರೆಯ ತಲೆಯ ಮೇಲೆಯೇ ಬಂದಿತ್ತು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನೀರು ಇಂಗಿದರೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಇಂಗಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾವೂ ಕೇಳಲಿಲ್ಲ.

"ಮಗಳನ್ನು ಈಗಲೇ ಬೇರೆ ಕಡೆ ಕಳಿಸುವ," ಎಂದೆ.

"ಅಮೆ ಕಳೀಲಿಲ್ಲ. ಬಾಣಂತಿಯನ್ನು ಹೊಸಿಲು ದಾಟಿಸ್ತಾರಾ? ಯಾರ ಮನೆಗೆ ಅಂತ ಕರ್ಕೊಂಡು ಹೋಗುದು?"

ಅದು ಸಣ್ಣ ಮಾತಲ್ಲ. ಹೆರಿಗೆಯ ಅಮೆ, ಅಂದರೆ ಸೂತಕ, ಇರುವಾಗ ನೆಂಟರ ಮನೆಗೂ ಹೋಗುವ ಹಾಗಿಲ್ಲ. ಮೈದುನನದು ನಮ್ಮದೇ ಮನೆಯ ಹಾಗೆ, ಅಲ್ಲಿಗೆ ಹೋಗಬಹುದಿತ್ತು, ಆದರೆ ದಾರಿ ಆ ಗುಂಡಿಗಳ ಪಕ್ಕದಲ್ಲಿಯೇ. "ಸಾಯ್ಬರ ಮನೆಗೆ," ಎಂದೆ. "ಅವರಿಗೆ ಅಮೆ ಇಲ್ಲ." ಇವರು ಕೊಡೆ ತೆಗೆದುಕೊಂಡು ಸಾಯ್ಬರನ್ನು ಕರೆಯಲು ಹೊರಟರು.

ಇನ್ನೊಂದು ತೊಡಕು ಮಗಳದೇ. ಬಾಣಂತಿಯನ್ನು ಹೆದರಿಸಬಾರದು, ಹೆದರಿದರೆ ಹಾಲು ಬತ್ತುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ನರ್ಸ್ ಆಗಿ ನಾನು ಅದನ್ನು ಪೂರ್ತಿ ನಂಬಲಿಲ್ಲ, ತಾಯಿಯಾಗಿ ನಂಬಿದೆ. ಅವಳ ಹತ್ತಿರ ಹೋಗಿ, "ಬಚ್ಚಲಿನ ಹೊಗೆ ಜಾಸ್ತಿ ಆಗಿದೆ ಮಗಾ, ಒಲೆ ರಿಪೇರಿ ಮಾಡ್ಬೇಕು. ಎರಡು ದಿನ ಉಮ್ಮನ ಮನೆಯಲ್ಲಿ ಇರುವ," ಎಂದೆ. ಸಾಯ್ಬರ ತಾಯಿಯನ್ನು ಊರೆಲ್ಲ ಉಮ್ಮ ಎಂದೇ ಕರೆಯುವುದು.

ಅವಳು ಸರಿ ಎಂದಳು. ಯಾಕೆ, ಏನು ಎಂದು ಕೇಳಲಿಲ್ಲ. ಆ ಹುಡುಗಿ ಹುಟ್ಟಿದಾರಭ್ಯ ಎದುರು ಮಾತಾಡದೆ ಒಂದು ಮಾತು ಒಪ್ಪಿದವಳಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಸಾಯ್ಬರು ಅಂಗಡಿಯ ಟಾರ್ಪಾಲು ಹೊದ್ದುಕೊಂಡು ಬಂದರು. ಬೆತ್ತದ ಕುರ್ಚಿಯಲ್ಲಿ ಮಗಳನ್ನು ಕೂರಿಸಿ, ಹಿಂದಿನಿಂದ ಇವರು, ಮುಂದಿನಿಂದ ಸಾಯ್ಬರು ಹಿಡಿದರು. ಮಗುವನ್ನು ನಾನು ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ಅಂಗಳದ ಮೆಟ್ಟಿಲು ಇಳಿಯುವಾಗ ಮಗಳು ಕತ್ತು ತಿರುಗಿಸಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಅಮ್ಮ, ಪೈಪಿನ ನೀರು ರಾತ್ರಿಯೇ ನಿಂತಿತ್ತು. ನಿಮಗೆ ಬಿ.ಪಿ. ಉಂಟಲ್ಲ, ಹೆದರ್ತೀರಿ ಅಂತ ಹೇಳ್ಲಿಲ್ಲ."

ಅವಳು ಇಡೀ ರಾತ್ರಿ ಆ ಗೋಡೆಗೆ ಬೆನ್ನು ಮಾಡಿ, ಮಗುವನ್ನು ಈಚೆ ಬದಿಗೆ ಮಲಗಿಸಿಕೊಂಡು ಎಚ್ಚರವಿದ್ದಳು.

"ಸಿಸ್ಟ್ರಕ್ಕ, ಬಿಗಿಯಾಗಿ ಹಿಡ್ಕೊಳ್ಳಿ, ಕಾಲು ಜಾರ್ತದೆ," ಎಂದು ಸಾಯ್ಬರು ಕೂಗಿದರು. "ಡ್ರೈವರಣ್ಣ, ನೀವು ಬ್ರೇಕ್ ಹಾಕ್ತಾ ಬನ್ನಿ. ಇದು ಎಕ್ಸ್‌ಪ್ರೆಸ್ ಅಲ್ಲ."

ಉಮ್ಮ ಬಾಗಿಲಲ್ಲಿಯೇ ನಿಂತಿದ್ದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಬೆನ್ನು ಬಾಗಿದರೂ ದನಿ ಬಾಗಿರಲಿಲ್ಲ. ಮಗುವನ್ನು ನನ್ನ ಕೈಯಿಂದ ಕಸಿದುಕೊಂಡ ಹಾಗೆ ತೆಗೆದುಕೊಂಡು ಅದರ ತಲೆ ಮೂಸಿದರು.

"ಎಂತದಿದು, ಆಸ್ಪತ್ರೆಯ ವಾಸನೆ? ಎಣ್ಣೆ ಹಚ್ಲಿಲ್ವಾ?"

"ಹಚ್ಚಿದ್ದೇನೆ. ಬೇಬಿ ಆಯಿಲ್."

"ಅದು ಎಣ್ಣೆಯಾ, ನೀರಾ? ನೀವು ಸೂಜಿ ಚುಚ್ಚುದರಲ್ಲಿ ಹುಷಾರು ಸಿಸ್ಟ್ರೇ. ಮಗು ಮೀಯಿಸುದು ನನಗೆ ಬಿಡಿ."

ಅವರು ಮಗಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊಸಿಲಿನಿಂದಲೇ ಹಿಂತಿರುಗಿದೆ. ತಲೆಯಲ್ಲಿ ಇದ್ದದ್ದು ಆ ಬಿದಿರಿನ ತುಂಡು ಒಂದೇ.

ಅದನ್ನು ಮುಟ್ಟಿದೆ. ಅಲುಗಾಡಲಿಲ್ಲ. ಎರಡು ಗೋಡೆಗಳು ಅದನ್ನು ಹಲ್ಲಿನಲ್ಲಿ ಕಚ್ಚಿದ ಹಾಗೆ ಹಿಡಿದಿದ್ದವು.

ಮೈದುನ ಶಾಲೆಗೆ ಹೊರಟವನು ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ಗೋಡೆ ನೋಡಿ, "ಅತ್ತಿಗೆ, ಹೆದರ್ಲಿಕ್ಕೆ ಎಂತ ಉಂಟು? ಮಣ್ಣು ನೀರು ಕುಡೀತದೆ, ಸ್ವಲ್ಪ ಉಬ್ಬುತ್ತದೆ," ಎಂದ.

"ಮನುಷ್ಯರೂ ಉಬ್ಬುತ್ತಾರೆ," ಎಂದೆ. "ನೀರು ಹೊರಗೆ ಹೋಗದಿದ್ದರೆ. ಎಷ್ಟು ಜನರನ್ನು ನೋಡಿದ್ದೇನೆ."

ಇವರು ತಮ್ಮನಿಗೆ ಬಯ್ಯಲಿಲ್ಲ. "ಬಾ ಮಾರಾಯ, ಮೇಲೆ ಹೋಗಿ ನೋಡುವ," ಎಂದಷ್ಟೇ ಹೇಳಿ ಅವನ ತೋಳು ಹಿಡಿದರು. ಸಾಯ್ಬರೂ ಹಾರೆ ಹಿಡಿದು ಹಿಂದೆ ಹೋದರು. ನಾನು ಹೋಗಲಿಲ್ಲ. ನನ್ನ ಜಾಗ ಕೆಳಗೆ, ಬಿದಿರಿನ ಹತ್ತಿರ.

ಅವರು ಮೇಲೆ ಕಂಡದ್ದನ್ನು ಆಮೇಲೆ ಹೇಳಿದರು. ಕೆಳಗಿನ ಸಾಲಿನ ಗುಂಡಿಗಳೆಲ್ಲ ಬಾಯಿಮಟ್ಟ ತುಂಬಿದ್ದವು. ಗುಂಡಿಗೂ ಬರೆಯ ಅಂಚಿಗೂ ನಡುವೆ ಹುಲ್ಲಿನೊಳಗೆ ಒಂದು ಬಿರುಕು, ಕೈ ಇಳಿಯುವಷ್ಟು ಅಗಲ. ಮೈದುನ ಅದರೊಳಗೆ ಒಂದು ಗೇರಿನ ಕೋಲು ಇಳಿಸಿದನಂತೆ. ಕೋಲು ಮುಗಿಯಿತು, ಬಿರುಕು ಮುಗಿಯಲಿಲ್ಲ. ಅವನು ಚೀಲವನ್ನು ಮರದ ಕೊಂಬೆಗೆ ತೂಗುಹಾಕಿ ಪ್ಯಾಂಟು ಮಡಿಚಿದ. ಆ ದಿನ ಅವನು ಶಾಲೆಗೆ ಹೋಗಲಿಲ್ಲ.

ಗುಂಡಿಗಳಿಂದ ಅಡ್ಡಕ್ಕೆ ಕಾಲುವೆಯ ಹಾಗೆ ಒಂದು ಕಣಿ ಕಡಿದು ನೀರನ್ನು ಗುಡ್ಡದ ಪಕ್ಕದಲ್ಲಿ ಹರಿಯುವ ತೋಡಿಗೆ ಬಿಡುವುದೆಂದು ತೀರ್ಮಾನವಾಯಿತು. ತೋಡಿನ ಕಡೆಯಿಂದ ಕಡಿಯುತ್ತ ಬಂದರು. ಹಾರೆಯ ಪೆಟ್ಟು ಒಂದೊಂದೂ ಕೆಳಗೆ ನನ್ನ ಕಾಲಿನಡಿಗೆ ಬರುತ್ತಿತ್ತು. ಗೋಡೆಯ ಹೊಟ್ಟೆ ಪ್ರತಿ ಪೆಟ್ಟಿಗೂ ಸಣ್ಣದಾಗಿ ನಡುಗುತ್ತಿದೆಯೋ, ನನ್ನ ಕಣ್ಣೇ ನಡುಗುತ್ತಿದೆಯೋ ತಿಳಿಯಲಿಲ್ಲ. ಈ ನಡುವೆ ನಾನು ಮನೆಯೊಳಗಿನಿಂದ ತರಬೇಕಾದ್ದನ್ನು ಎದುರಿನ ಜಗಲಿಗೆ ತಂದೆ: ಮಗುವಿನ ಬಟ್ಟೆ, ಮಗಳ ಔಷಧಿ, ಇವರ ಸಕ್ಕರೆ ಕಾಯಿಲೆಯ ಮಾತ್ರೆ, ಗಂಜಿಯ ಪಾತ್ರೆ. ಹಿಂದಿನ ಕೋಣೆಗೆ ಹೋಗುವಾಗ ಪ್ರತಿ ಸಲ ಉಸಿರು ಬಿಗಿಹಿಡಿದು ಹೋಗಿ, ಹೊರಗೆ ಬಂದ ಮೇಲೆ ಬಿಟ್ಟೆ. ಉಸಿರಿಗೂ ಬರೆಗೂ ಸಂಬಂಧವಿಲ್ಲವೆಂದು ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮೊದಲ ಎರಡು ಗುಂಡಿಗಳ ನೀರು ತೋಡಿಗೆ ಇಳಿಯಿತು. ಇವರು ಕೆಳಗೆ ಬಂದರು. ಬಂದವರು ಅಂಗಳದಲ್ಲಿ ನಿಲ್ಲದೆ ಒಂದು ಕಬ್ಬಿಣದ ಸರಳು ಹಿಡಿದು ನೇರ ಓಣಿಗೆ ನುಗ್ಗಿದರು.

"ಪೈಪಿನ ಹಿಂದೆ ಸಿಪ್ಪೆ ಕೊಳೆತು ಮಣ್ಣು ಕಟ್ಟಿದೆ," ಎಂದರು ಒಳಗಿನಿಂದ. "ಚುಚ್ಚಿದ್ರೆ ಬಿಡ್ತದೆ."

ನಾನು ಓಣಿಯ ಬಾಯಿಯಲ್ಲಿ ನಿಂತೆ. ಅವರ ಬೆನ್ನು ಬಚ್ಚಲಿನ ಗೋಡೆಗೆ ಒರಗಿತ್ತು, ಎದೆಗೆ ಟಯರು ತಾಗುತ್ತಿತ್ತು. ಅವರ ಪಕ್ಕದಲ್ಲಿ ನನ್ನ ಬಿದಿರು ಬಿಲ್ಲಿನ ಹಾಗೆ ಬಾಗಿತ್ತು. ಒಂದು ಪೈಪು ಬಿಟ್ಟಿತು. ನೀರಲ್ಲ, ಕೆಂಪು ಕೆಸರು, ಅದರೊಡನೆ ಜಲ್ಲಿ.

"ಹೊರಗೆ ಬನ್ನಿ."

"ಇನ್ನೊಂದು ಪೈಪು."

"ಹೊರಗೆ ಬನ್ನಿ," ಎಂದೆ. ಬೇಡಿದರೆ ಅವರು ಬರುವವರಲ್ಲ, ಅತ್ತರೆ ಬಯ್ಯುವವರು. "ಒಂದು ಗಂಟೆ ಆಯ್ತು. ಮಾತ್ರೆ ನುಂಗಿ ಅರ್ಧ ಗಂಟೆ ಆಗಿದೆ. ಈಗ ಊಟ ಮಾಡದಿದ್ರೆ ತಲೆ ತಿರುಗಿ ಅಲ್ಲೇ ಬೀಳ್ತೀರಿ. ಎತ್ತಲಿಕ್ಕೆ ನನ್ನಿಂದ ಆಗುದಿಲ್ಲ."

ಅವರು ಆ ದಿನ ಮಾತ್ರೆ ನುಂಗಿಯೇ ಇರಲಿಲ್ಲ, ಆ ಗಡಿಬಿಡಿಯಲ್ಲಿ ಅವರಿಗೆ ಅದರ ನೆನಪೂ ಇರಲಿಲ್ಲ. ಮಾತ್ರೆ ನನ್ನ ಸೆರಗಿನ ತುದಿಯಲ್ಲಿತ್ತು. ಆದರೆ ಮೂವತ್ತು ವರ್ಷ ನಾನು ಹೇಳಿದ ಗಂಟೆಗೆ ಊಟ ಮಾಡಿದ ಮನುಷ್ಯ. ಗೊಣಗುತ್ತ ಅಡ್ಡಡ್ಡವಾಗಿ ಹೊರಗೆ ಬಂದರು. "ನಿನ್ನ ಗಂಟೆ ಒಂದು. ಯಮ ಬಂದ್ರೂ ಊಟ ಆಗಿ ಬಾ ಅಂತೀಯ." ಎದುರಿನ ಜಗಲಿಯಲ್ಲಿ ಕೂರಿಸಿ, ಮಾತ್ರೆ ಕೊಟ್ಟು, ತಟ್ಟೆಗೆ ಗಂಜಿ ಬಡಿಸಿದೆ. ಉಪ್ಪಿನಕಾಯಿ ತಟ್ಟೆಯ ಹೊರಗೆ ಬಿತ್ತು. ಅವರು ಅದನ್ನು ಬೆರಳಲ್ಲಿ ತೆಗೆದು ತಟ್ಟೆಗೆ ಹಾಕಿಕೊಂಡರು.

ಅವರ ಊಟ ಮುಗಿದಿತ್ತು, ಕೈ ತೊಳೆಯಲು ಎದ್ದಿದ್ದರು. ಸದ್ದು ದೊಡ್ಡದೇನಲ್ಲ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಒಮ್ಮೆ. ಆಮೇಲೆ ಹಂಚುಗಳು ಒಡೆಯುವ ಸದ್ದು, ಒಂದು, ಮತ್ತೊಂದು, ಸ್ವಲ್ಪ ಬಿಟ್ಟು ಮತ್ತೊಂದು. ಮನೆಯೊಳಗಿನಿಂದ ಹಸಿ ಮಣ್ಣಿನ ವಾಸನೆಯ ತಣ್ಣನೆಯ ಗಾಳಿ ಜಗಲಿಗೆ ಬಂತು.

ಮೇಲೆ ಇಬ್ಬರಿದ್ದರು. ಇವರು ತಮ್ಮನ ಹೆಸರು ಹಿಡಿದು ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ಅವರ ದನಿ ಒಡೆದುಹೋಗಿತ್ತು. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿದ್ದಿಲ್ಲ. ಮೂರನೆಯ ಸಲಕ್ಕೆ ತೋಡಿನ ಕಡೆಯಿಂದ, "ಅಣ್ಣಾ, ಇಲ್ಲಿದ್ದೇವೆ," ಎಂದು ಕೇಳಿತು. ಸಾಯ್ಬರು ಮತ್ತು ಮೈದುನ ಕಣಿಯ ಆಚೆ ದಂಡೆಯಲ್ಲಿ ನಿಂತು ಬೀಡಿ ಹೊತ್ತಿಸಲು ನೋಡುತ್ತಿದ್ದರಂತೆ. ಕೊನೆಯ ಗುಂಡಿ, ಅದರ ಮುಂದಿನ ಲಾವಂಚ, ಬಿರುಕಿನ ಈಚೆಯ ನೆಲ ಎಲ್ಲ ಅವರ ಕಣ್ಣೆದುರಿಗೇ ಕೂತ ಹಾಗೆ ಕೆಳಗೆ ಇಳಿಯಿತಂತೆ.

ನಾವು ನಾಲ್ವರೂ ಬದಿಯಿಂದ ಸುತ್ತಿ ಹೋಗಿ ನೋಡಿದೆವು. ಟಯರು ಇಲ್ಲದ ಮೇಲಿನ ಬರೆ ಗೋಡೆಯ ತಲೆಯನ್ನು ದಾಟಿ ಬಚ್ಚಲಿನ ಮೇಲೆ ಸುರಿದಿತ್ತು. ಬಚ್ಚಲು ಎಲ್ಲಿತ್ತು ಎಂದು ಹಂಡೆಯ ಕಂಠ ನೋಡಿ ಹೇಳಬೇಕು. ಹಿಂದಿನ ಕೋಣೆಯ ಮಾಡು ಅರ್ಧ ಕುಸಿದು, ಮಗಳ ಮಂಚದ ಮೇಲೆ ಕೆಸರು ದಿಂಬಿನ ಎತ್ತರಕ್ಕೆ ನಿಂತಿತ್ತು. ಅದರ ಕೆಳಗೆ ಟಯರಿನ ಸಾಲುಗಳು ಇದ್ದ ಹಾಗೆಯೇ ಇದ್ದವು. ಹೊಟ್ಟೆ ಮುಂದೆ ಬಂದು ಬಚ್ಚಲಿನ ಬುಡಕ್ಕೆ ಒರಗಿತ್ತು, ಒಂದು ಟಯರೂ ಸಾಲು ಬಿಟ್ಟಿರಲಿಲ್ಲ. ಆ ಕೆಳಗಿನ ಮಣ್ಣೂ ಬಂದಿದ್ದರೆ ಜಗಲಿಯವರೆಗೆ ಮನೆ ಉಳಿಯುತ್ತಿರಲಿಲ್ಲ, ಜಗಲಿಯಲ್ಲಿದ್ದ ನಾವಿಬ್ಬರೂ. ಆ ಸಾಲುಗಳು ಇವತ್ತಿಗೂ ಅಲ್ಲೇ ಇವೆ. ಮುಂದಿನ ಬೇಸಿಗೆಯಲ್ಲಿ ಗುಂಡಿಗಳನ್ನು ಮುಚ್ಚಿ, ಆ ಸಾಲುಗಳ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಬರೆಯ ನೆತ್ತಿಯವರೆಗೂ ಟಯರು ಕಟ್ಟಿಸಿದೆವು.

ಆ ಹೊತ್ತಿ‌ಗೆ ಇದನ್ನೆಲ್ಲ ಯಾರೂ ಲೆಕ್ಕ ಹಾಕುವ ಸ್ಥಿತಿಯಲ್ಲಿರಲಿಲ್ಲ. ಮೈದುನ ಮಂಚವನ್ನು ನೋಡುತ್ತ ನಿಂತವನು ಹಾಗೆಯೇ ಕುಕ್ಕರಿಸಿ ಕುಳಿತ. "ಅತ್ತಿಗೆ, ನಾನು ಬೆಳಿಗ್ಗೆ ಹೆದರ್ಬೇಡಿ ಅಂದೆ," ಎಂದ. ನಾನು ಅವನ ತಲೆಯ ಮೇಲೆ ಕೊಡೆ ಹಿಡಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸಾಯ್ಬರ ಮನೆಗೆ ಹೋದೆವು. ಮಗಳಿಗೆ ನಡೆದದ್ದನ್ನೆಲ್ಲ ಇದ್ದ ಹಾಗೆ ಹೇಳಿದೆ. ಇನ್ನು ಹೊಗೆಯ ಕತೆ ಕಟ್ಟುವ ಶಕ್ತಿ ಇರಲಿಲ್ಲ. ಅವಳು ಮಗುವಿನ ಕಾಲನ್ನು ಹಿಡಿದುಕೊಂಡು ಕೇಳಿದಳು. "ಮಂಚದ ಮೇಲೆಯಾ?" ಎಂದು ಒಂದೇ ಸಲ ಕೇಳಿದಳು. ಹೌದು ಎಂದೆ. ಮಗು ಎದ್ದು ಹಾಲು ಕುಡಿಯಿತು. ಹಾಲು ಬತ್ತಿರಲಿಲ್ಲ.

ಉಮ್ಮ ಅವಳಿಗೆ ತಮ್ಮದೇ ಕೋಣೆ ಬಿಟ್ಟುಕೊಟ್ಟಿದ್ದರು. ಅಡಿಗೆಮನೆಗೆ ಹತ್ತಿರ, ಗಾಳಿ ಬಾರದ, ಬೆಚ್ಚನೆಯ ಕೋಣೆ. ಮಗುವಿಗೆ ಸೆಕೆಯಾಗುತ್ತದೆಂದು ನಾನು ಕಿಟಕಿಯ ಬಾಗಿಲು ತುಸು ತೆರೆದೆ. ಹೊರಗೆ ಕತ್ತಲು, ಒಳಗಿನ ಬೆಳಕು ಹೊರಗೆ ಬಿದ್ದು ಎದುರಿಗೇ ಏನನ್ನೋ ಕೆಂಪಗೆ ಮಾಡಿತು. ಕೈ ಚಾಚಿದೆ. ಬೆರಳಿಗೆ ಒದ್ದೆ ಮಣ್ಣು ತಾಗಿತು.

ಬರೆ. ಮಡಲು ಹೊದಿಸಿದ, ಟಯರಿಲ್ಲದ, ನಮ್ಮದಕ್ಕಿಂತ ಎತ್ತರದ ಬರೆ. ಇಪ್ಪತ್ತು ವರ್ಷದಿಂದ ಈ ಮನೆಗೆ ಬರುತ್ತಿದ್ದೇನೆ, ಅದು ಅಲ್ಲಿದೆಯೆಂದು ನನಗೆ ಗೊತ್ತಿತ್ತು, ಉಮ್ಮನಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಎಲ್ಲರ ಮನೆಯ ಹಿಂದೆಯೂ ಇರುವುದನ್ನು ಯಾರು ನೋಡುತ್ತಾರೆ? ಬೆಳಿಗ್ಗೆಯಿಂದ ನಾನು ನಮ್ಮ ಬರೆಯನ್ನು ಕಣ್ಣು ಮಿಟುಕಿಸದೆ ಕಾದಿದ್ದೆ. ನನ್ನ ಮಗಳೂ ಮೊಮ್ಮಗುವೂ ಆ ಹೊತ್ತೆಲ್ಲ ಇನ್ನೊಂದು ಬರೆಯ ಬುಡದಲ್ಲಿ ಮಲಗಿದ್ದರು. ಮಳೆ ಅದರ ಮೇಲೂ ಸುರಿಯುತ್ತಿತ್ತು. ನನಗೆ ಬೆಳಿಗ್ಗೆ ಆಗದಷ್ಟು ಹೆದರಿಕೆ ಆಗ ಆಯಿತು. ಬೆಳಿಗ್ಗೆ ಓಡಿಹೋಗಲು ಒಂದು ಮನೆ ಇತ್ತು.

ಕಿಟಕಿ ಮುಚ್ಚಿದೆ. "ಉಮ್ಮ, ಇವಳನ್ನು ಎದುರಿನ ಕೋಣೆಗೆ ಹಾಕುವ," ಎಂದೆ.

"ಎದುರಿನ ಕೋಣೆಯಲ್ಲಿ ಟಯರು ತುಂಬಿದೆ. ರಸ್ತೆಯ ಗದ್ದಲ. ಬಾಣಂತಿಯನ್ನು ಯಾರಾದ್ರೂ ಅಂಗಡಿಯಲ್ಲಿ ಮಲಗಿಸ್ತಾರಾ?" ಉಮ್ಮನಿಗೆ ಬೇಸರವಾಯಿತು. "ನನ್ನ ಕೋಣೆ ಆಗ್ಲಿಲ್ವಾ ನಿಮಗೆ?"

ನಾನು ಕೈ ಮುಂದೆ ಹಿಡಿದೆ. ಬೆರಳ ತುದಿಯ ಮಣ್ಣನ್ನು ಉಮ್ಮ ನೋಡಿದರು, ಕಿಟಕಿಯನ್ನು ನೋಡಿದರು, ಆಮೇಲೆ ಮಗುವನ್ನು. ಮಂಚದ ಒಂದು ಬದಿ ಹಿಡಿದರು.

ಸಾಯ್ಬರು ಹೊಸ ಟಯರುಗಳನ್ನು ಉರುಳಿಸಿ ಜಗಲಿಗೆ ಹಾಕಿದರು. "ಈ ಟಯರಿನಿಂದ ನನಗೆ ಬಿಡುಗಡೆ ಇಲ್ಲ ಸಿಸ್ಟ್ರಕ್ಕ," ಎಂದು ನಗಲು ನೋಡಿದರು, ನಗು ಬರಲಿಲ್ಲ. ಇವರೂ ಮೈದುನನೂ ಮಂಚವನ್ನು ರಸ್ತೆಯ ಕಡೆಯ ಗೋಡೆಗೆ ಒತ್ತಿ ಇಟ್ಟರು. ಮಗಳು ಮಲಗಿದಳು, ಪಕ್ಕದಲ್ಲಿ ಮಗು. ರಬ್ಬರಿನ ವಾಸನೆಗೆ ಅದು ಎರಡು ಸಲ ಸೀನಿತು. ನಾನು ನೆಲದಲ್ಲಿ ಚಾಪೆ ಹಾಸಿದೆ. ಒಳಗಿನಿಂದ ಉಮ್ಮ ತಮ್ಮ ಚಾಪೆಯನ್ನೂ ಸುರುಳಿ ಸುತ್ತಿ ತಂದು ನನ್ನದರ ಪಕ್ಕಕ್ಕೆ ಹಾಸಿದರು.

"ಅಲ್ಲಿ ತುಂಬಾ ಸೆಕೆ," ಎಂದರು.

ನಾನು ಮಂಚದ ಮೇಲೆ ಸೊಳ್ಳೆ ಪರದೆ ಬಿಡಿಸಿ ಒಂದು ಮೂಲೆಯನ್ನು ಕಿಟಕಿಯ ಸರಳಿಗೆ, ಒಂದನ್ನು ಬಾಗಿಲಿನ ಚಿಲಕಕ್ಕೆ, ಉಳಿದೆರಡನ್ನು ಸಾಯ್ಬರು ಹೊಡೆದುಕೊಟ್ಟ ಮೊಳೆಗೆ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿದೆ.